ರೊಟ್ಟಿ ಬಡಿಯುವ ಸದ್ದು

ಪೋಲೆಂಡಿನಲ್ಲಿ ನಾನು ಬೇಕರಿಯೊಂದರಲ್ಲಿ ಟ್ರೇ ತೊಳೆಯುತ್ತಿದ್ದೆ. ಆದರೆ ಕೇಳಿದವರಿಗೆ ಕಾದಂಬರಿ ಬರೆಯುತ್ತೇನೆ ಅನ್ನುತ್ತಿದ್ದೆ. ಎರಡೂ ನಿಜ; ಸಂಬಳ ಬರುತ್ತಿದ್ದದ್ದು ಟ್ರೇಗಳಿಗೆ. ಬರೆಯುತ್ತಿದ್ದುದು ಥ್ರಿಲ್ಲರ್. ಪರದೇಶದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವ ಬರಹಗಾರ್ತಿ, ಮೆತ್ತಗೆ ಮಾತಾಡುವ ಮನೆ ಮಾಲೀಕ, ಪಕ್ಕದ ಕೋಣೆಯಲ್ಲೊಂದು ಕೊಲೆ. ಕೊಂದವಳು ಅವಳೇ, ಆದರೆ ಅದು ಅವಳಿಗೇ ನೆನಪಿಲ್ಲ. ಆ ತಿರುವಿನ ಬಗ್ಗೆ ನನಗೆ ಭಾರೀ ಜಂಬ.

ಅದನ್ನು ಕೇಳುವವಳು ಒಬ್ಬಳೇ, ನಮ್ಮೂರು ಇಂಗಳೇಶ್ವರದಲ್ಲಿದ್ದ ನನ್ನ ಅಕ್ಕ. ಅವ್ವ ಹೋದಮೇಲೆ ನನ್ನನ್ನು ಬೆಳೆಸಿದವಳು. ನನ್ನ ಪಾಳಿಗೂ ಅವಳ ಪುರುಸೊತ್ತಿಗೂ ಹೊಂದುತ್ತಿರಲಿಲ್ಲವಾದ್ದರಿಂದ ಒಂದೊಂದೇ ಅಧ್ಯಾಯ ಓದಿ, ರೆಕಾರ್ಡ್ ಮಾಡಿ ಅವಳ ಫೋನಿಗೆ ಕಳಿಸುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತ ಕೇಳಿ, ಬಡಿಯುತ್ತಲೇ ಉತ್ತರ ಹೇಳಿ ಕಳಿಸುತ್ತಿದ್ದಳು. ಮಾತಿನ ಹಿಂದೆ ಆ ಸದ್ದು ಯಾವಾಗಲೂ ಇರುತ್ತಿತ್ತು, ಒಂದೇ ಸಮ.

“ಕೊಂದಾಂವ ಆ ಮನಿ ಮಾಲಕನೇ ನೋಡು,” ಅಂದಳು ಮೊದಲ ಅಧ್ಯಾಯಕ್ಕೇ. “ಅಷ್ಟು ಮೆತ್ತಗ ಮಾತಾಡೋ ಗಂಡಸು ನಮ್ಮೂರಾಗ ಒಬ್ಬನರ ಅದಾನೇನು?”

“ತಡಿ, ಕೊನೀಗೆ ಮೂಗಿನ ಮ್ಯಾಲ ಬೆರಳ ಇಡ್ತಿ,” ಅಂದೆ.

ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಬಾಗೇವಾಡಿ ದವಾಖಾನೆಗೆ ತೋರಿಸಿದ್ದೇವೆ ಅಂತ ಅವಳ ಗಂಡ ಹೇಳಿದರು. ಕೆಲವು ದಿನ ಉತ್ತರವಿಲ್ಲ. ಬಂದಾಗ ದನಿ ಸ್ವಲ್ಪ ಕಟ್ಟಿತ್ತು. “ಮುಂದ ಏನಾತು? ಲಗೂನ ಕಳಸು.” ನನಗೆ ಹೋದ ಜೀವ ಬಂದಂತಾಯಿತು. ಬರೆದೆ, ಕಳಿಸಿದೆ. ರೊಟ್ಟಿಯ ಸದ್ದು ಯಾಕಿಲ್ಲ ಅಂತ ಕೇಳಿದ್ದಕ್ಕೆ, “ಮಂದಿ ಬುತ್ತಿ ತಂದಾರ,” ಅಂತ ಉತ್ತರ ಬಂತು.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರು, ನೆರೆಯವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ಕಥೆಯ ಪೊಲೀಸನಾದರೆ ಅಲ್ಲೇ ಹಿಡಿಯುತ್ತಿದ್ದ. ನಾನು ಜ್ವರದ ಮನೆಗೂ ಯಾರೋ ಪುಣ್ಯಾತ್ಮರು ತಂದಿರಬೇಕು ಅಂದುಕೊಂಡು ಮುಂದಿನ ಅಧ್ಯಾಯ ಓದಿ ಕಳಿಸಿದೆ.

ಆಮೇಲೊಂದು ದಿನ ಬೇಕರಿಯಲ್ಲಿದ್ದಾಗ ಉತ್ತರ ಬಂತು, ಹಿಂದೆ ರೊಟ್ಟಿಯ ಸದ್ದೂ ಇತ್ತು. ಆದರೆ ಅದು ತಡವರಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಅವಸರ ಮಾಡುತ್ತಿತ್ತು. ಅಕ್ಕನ ಕೈ ಅಲ್ಲ. ನಲ್ಲಿ ನಿಲ್ಲಿಸುವುದನ್ನೂ ಮರೆತು ಒದ್ದೆ ನೆಲದ ಮೇಲೆ ಕೂತುಬಿಟ್ಟೆ.

ಫೋನ್ ಮಾಡಿದೆ. ಎತ್ತಿದವಳು ಅಕ್ಕನ ಮಗಳು. ಅವಳ ದನಿ ಥೇಟ್ ಅವಳವ್ವನದೇ; ಜ್ವರದ ನಂತರದ ಉತ್ತರಗಳೆಲ್ಲ ಇವಳವೇ.

“ಒಲಿ ಯಾವಾಗ ಹಚ್ಚಿದ್ರವ್ವಾ?” ಅಂದೆ.

ಅವಳು ಬಿಕ್ಕಿದಳು. “ನಿನ್ನೆ, ಚಿಗವ್ವಾ. ಹೋಗೂ ಮೊದಲ ಅವ್ವನೇ ಹೇಳಿದ್ಲು. ಕಥಿ ಮುಗಿಯೋತನಕ ಆಕಿಗೆ ಹೇಳಬ್ಯಾಡ್ರಿ, ಬರಿಯೋದು ಬಿಟ್ಟು ಓಡಿ ಬರ್ತಾಳ ಅಂತ.”

ಓಡಿ ಬರುತ್ತಿದ್ದೆ, ಹೌದು. ಮುಖವಾದರೂ ನೋಡುತ್ತಿದ್ದೆ. ಬೇರೆ ಯಾರೂ ಕೇಳದ ಒಂದು ಕಥೆಗೋಸ್ಕರ ಅಷ್ಟನ್ನೂ ಕಸಿದುಕೊಂಡಳಲ್ಲ ಅಂತ ಅಕ್ಕನ ಮೇಲೆ ನನಗೆ ಈಗಲೂ ಸಿಟ್ಟಿದೆ.

“ಮತ್ತೇನರ ಅಂದ್ಲೇನು?”

“ಮಾಲಕನೇ ಕೊಂದಾನ ಅಂತ ಕೊನೀತನಕ ಅಂದ್ಲು.”

ಕೊನೆಯ ಅಧ್ಯಾಯ ಬದಲಿಸಿದೆ. ಈಗ ಕೊಂದವನು ಮಾಲೀಕನೇ. ಕೊಲೆಗಾರ ಯಾರೆಂದು ಮೊದಲ ಅಧ್ಯಾಯದಲ್ಲೇ ತಿಳಿಯುತ್ತದೆ ಅಂತ ಪ್ರಕಾಶಕರು ವಾಪಸ್ ಕಳಿಸಿದರು. ಅಕ್ಕನಿಗೂ ಅಲ್ಲೇ ತಿಳಿದಿತ್ತು.