ಕಿನುಯೊ ಅವರ ಮುಂದೆ ನಿಲ್ಲದ ಗಡಿಯಾರ

ಬೆಳಗಿನ ಮೊದಲ ರೈಲು. ಎರಡೇ ಬೋಗಿ. ಚಾಲಕನ ಬೆನ್ನ ಹಿಂದಿನ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಾರೆ ಕಿನುಯೊ ಹಟಾನೊ. ಮೀನುಪೇಟೆಗೆ ಹೊರಟ ಹೆಂಗಸೊಬ್ಬಳು ಕೀಟಲೆ ಮಾಡುತ್ತಾಳೆ: "ಏನು ಹಟಾನೊ-ಸಾನ್, ಈ ವಯಸ್ಸಲ್ಲಿ ರೈಲಿನ ಹುಚ್ಚಾ? ಇಲ್ಲ ಚಾಲಕ ಚೆನ್ನಾಗಿದ್ದಾನೆ ಅಂತಲಾ?"

"ಸುಮ್ನಿರಿ, ಕಣ್ಣು ತಪ್ಪಿದ್ರೆ ಹೋಯ್ತು."

ಅವರ ಕಣ್ಣಿರುವುದು ಚಾಲಕ ಓಗುರಿಯ ಮುಂದಿನ ಫಲಕದಲ್ಲಿ ಗಡಿಯಾರಕ್ಕೆಂದೇ ಕೊರೆದ ಓರೆ ಗುಳಿಯಲ್ಲಿ ಕೂತ ಜೇಬು ಗಡಿಯಾರದ ಮೇಲೆ. ಅದು ದಾರಿಯಲ್ಲಿ ಎಲ್ಲೋ ನಿಲ್ಲುತ್ತದೆ, ತಾನೇ ಮತ್ತೆ ಹೊರಡುತ್ತದೆ. ನಿಂತೇ ಹೋಗಿದ್ದರೆ ಗೊತ್ತಾಗುತ್ತಿತ್ತು; ನಿಂತು ಓಡುವುದನ್ನು ನಂಬಿ ಓಗುರಿ ಎರಡು ಸಲ ರೈಲನ್ನು ತಡವಾಗಿ ಬಿಟ್ಟಿದ್ದಾನೆ. ಕೀ ಕೊಡಲು ಮರೆಯುತ್ತಾನೆ ಎಂಬುದು ಡಿಪೋ ಮುಖ್ಯಸ್ಥರ ತೀರ್ಮಾನ. ಇನ್ನೊಮ್ಮೆ ಹೀಗಾದರೆ ಚಾಲಕನ ಕುರ್ಚಿಯಿಂದ ಇಳಿಯಬೇಕು.

ನಿಲ್ದಾಣದ ಪಕ್ಕ ಎರಡು ಚಾಪೆಯಷ್ಟು ಅಗಲದ ಗಡಿಯಾರ ರಿಪೇರಿ ಅಂಗಡಿ ಕಿನುಯೊ ಅವರದು. ಮಾವನಿಂದ ಕಲಿತ ಕೆಲಸ. ಗಂಡ ತೀರಿಕೊಂಡ ಮೇಲೆ ಮಗನನ್ನು ಬೆನ್ನಿಗೆ ಕಟ್ಟಿಕೊಂಡೇ ಗಡಿಯಾರ ಬಿಚ್ಚಿದವರು. ಈಗ ಕೀ ಕೊಡುವ ಗಡಿಯಾರ ದಿನಕ್ಕೊಂದು ಬಂದರೆ ಹೆಚ್ಚು. "ಬ್ಯಾಟರಿ ಹಾಕೋದು ಒಂದು ಕೆಲಸಾನಾ? ಬಲ್ಬು ಬದಲಾಯಿಸಿದ ಹಾಗೆ. ಆದ್ರೆ ಅಕ್ಕಿ ಬರೋದು ಅದರಿಂದಾನೇ."

ಈ ಗಡಿಯಾರ ಒಂದು ವಾರ ಅವರ ಮೇಜಿನ ಮೇಲಿತ್ತು. ಒಮ್ಮೆಯೂ ನಿಲ್ಲಲಿಲ್ಲ. "ಡಾಕ್ಟರ ಮುಂದೆ ಕೂತ ತಕ್ಷಣ ಕೆಮ್ಮು ಮಾಯವಾಗುತ್ತಲ್ಲ, ಹಾಗೆ." ಅದಕ್ಕೇ ರೈಲು ಹತ್ತಿದ್ದಾರೆ.

ಆರು ಗಂಟೆಗೆ ಸ್ವಲ್ಪ ಮುಂಚೆ, ಸೇತುವೆಯ ಮೇಲೆ, ಸೆಕೆಂಡಿನ ಪುಟ್ಟ ಮುಳ್ಳು ನಿಲ್ಲುತ್ತದೆ. ಕಿನುಯೊ ಅವರ ಉಸಿರೂ. ಗಾಜು ತಟ್ಟಲು ಎದ್ದ ಕೈಯನ್ನು ಅವರೇ ಹಿಡಿದುಕೊಳ್ಳುತ್ತಾರೆ. ರೈಲು ಓಡುವಾಗ ಚಾಲಕನನ್ನು ಮಾತಾಡಿಸುವಂತಿಲ್ಲ. ಬ್ರೇಕಿನ ಕುಲುಕಿಗೆ ಮುಳ್ಳು ಮತ್ತೆ ಹೊರಡುತ್ತದೆ, ಏನೂ ಆಗಿಲ್ಲವೆಂಬಂತೆ. ನಿಲ್ದಾಣದಲ್ಲಿ ಓಗುರಿ ನಿಯಮದಂತೆ ಗಡಿಯಾರದತ್ತ ಬಿಳಿ ಕೈಗವಸಿನ ಬೆರಳು ಚಾಚಿ ಸಮಯವನ್ನು ಗಟ್ಟಿಯಾಗಿ ಕೂಗುತ್ತಾನೆ. ತಪ್ಪು ಸಮಯ.

ಈಗ ಗಾಜು ತಟ್ಟಬಹುದು. "ಓಗುರಿ-ಸಾನ್! ಅದು ಸುಳ್ಳು ಹೇಳ್ತಿದೆ. ತಗೊಳ್ಳಿ, ನಂದು."

ಅವರ ಕೈಗಡಿಯಾರ ನೋಡಿಕೊಂಡು ರೈಲು ಸಮಯಕ್ಕೆ ಸರಿಯಾಗಿ ಹೊರಡುತ್ತದೆ.

ಕೊನೆಯ ನಿಲ್ದಾಣದ ಬೆಂಚಿನ ಮೇಲೆ ಗಡಿಯಾರ ಬಿಚ್ಚಿಕೊಳ್ಳುತ್ತದೆ. ಸೆಕೆಂಡಿನ ಮುಳ್ಳು ತಿರುಗುವುದು ಆರರ ಅಂಕಿಯ ಬಳಿಯ ಪುಟ್ಟ ವೃತ್ತದಲ್ಲಿ; ಆರರ ಸುಮಾರಿಗೆ ಗಂಟೆಯ ಮುಳ್ಳು ಅದರ ಮೇಲೆ ಹಾದುಹೋಗುತ್ತದೆ. ನಡುವೆ ಇರಬೇಕಾದ ಕೂದಲೆಳೆಯಷ್ಟು ಜಾಗ ಇಲ್ಲ. ರೈಲು ನಡುಗಿದಾಗ ಒಂದಕ್ಕೊಂದು ತಾಗುತ್ತವೆ. ಅಂಗಡಿಯಲ್ಲಿ ಬೆಳಗಿನ ಆರಕ್ಕೆ ನೋಡುವವರಿಲ್ಲ. ಸಂಜೆ ಆರಕ್ಕೆ ಅದು ಅಲುಗಾಡದೆ ಮೇಜಿನ ಮೇಲಿರುತ್ತಿತ್ತು.

ಚಿಮಟದಿಂದ ಮುಳ್ಳನ್ನು ತುಸು ಎತ್ತುತ್ತ ಕಿನುಯೊ ತಲೆ ತಗ್ಗಿಸಿಯೇ ಹೇಳುತ್ತಾರೆ, "ಹೋದ ವಸಂತದಲ್ಲಿ ಗಡಿಯಾರ ತೊಳೆದು ಈ ಮುಳ್ಳನ್ನ ಮತ್ತೆ ಕೂರಿಸುವಾಗ ಜಾಸ್ತಿ ಒತ್ತಿದ್ದು ನಾನೇ."

"ಬಿಡಿ ಹಟಾನೊ-ಸಾನ್," ಎನ್ನುತ್ತಾನೆ ಓಗುರಿ. "ಸರಿ ಹೋಯ್ತಲ್ಲ. ಡಿಪೋದೋರಿಗೆ ಹೇಳೋದು ಬೇಡ, ಡಿಪೋ ಗಡಿಯಾರಗಳ ಕೆಲಸಾನೂ ನಿಮ್ಮಿಂದ ಕಿತ್ಕೋತಾರೆ."

"ಹಾಗಾದ್ರೆ ಕೀ ಕೊಡೋಕೆ ಮರೆಯೋನು ಅನ್ನೋ ಹೆಸರು ನಿಮ್ಮ ತಲೆ ಮೇಲೇ ಇರ್ಲಾ?"

ಡಿಪೋ ಮುಖ್ಯಸ್ಥರ ಮುಂದೆ ಅವರು ಸೊಂಟ ಬಗ್ಗಿಸಿ ನಿಲ್ಲುತ್ತಾರೆ. "ಓಗುರಿ-ಸಾನ್ ಒಂದು ದಿನಾನೂ ಮರೆತಿಲ್ಲ. ತಪ್ಪು ನನ್ನ ಕೈಯದು."

ಮುಖ್ಯಸ್ಥರು ಕೇಳುತ್ತಾರೆ: "ಹಾಗಾದ್ರೆ ಇನ್ಮುಂದೆ ನಮ್ಮ ಗಡಿಯಾರಗಳನ್ನ ಯಾರಿಗೆ ಕೊಡೋದು?"

"ನನಗೇ ಕೊಡಿ," ಎನ್ನುತ್ತಾರೆ ಕಿನುಯೊ. "ಈ ತಪ್ಪನ್ನ ಇನ್ನೊಂದು ಸಲ ಮಾಡೋಲ್ಲ ಅಂತ ಗ್ಯಾರಂಟಿ ಇರೋದು ಈ ಊರಲ್ಲಿ ನನಗೊಬ್ಬಳಿಗೇ."