ವೆನಿಸ್ಸಿನ ಮೆಟ್ಟಿಲುಗಳು

ನನಗೆ ಕೆಲಸದ ಪರ್ಮಿಟ್ ಬಂದ ವರ್ಷ, ಡಲ್ಲಾಸಿಗೆ ಅಂಟಿಕೊಂಡಿರುವ ಫಾರ್ಮರ್ಸ್ ಬ್ರಾಂಚಿನಲ್ಲಿ ಒಂದು ಸಣ್ಣ ಟ್ರಾವೆಲ್ ಆಫೀಸು ಸೇರಿದೆ. ಜನ ಇನ್ನೂ ಎದುರಿಗೆ ಕೂತು ಟಿಕೆಟ್ ಮಾಡಿಸುತ್ತಿದ್ದ ಕಾಲ ಅದು. ಇಂಡಿಯಾಗೆ ಹೋಗುವವರನ್ನು ಮಾಲೀಕರೇ ನೋಡಿಕೊಳ್ಳುತ್ತಿದ್ದರು. ನನ್ನ ಪಾಲಿಗೆ ಇಟಲಿ ಬಂತು.

ನಾನೋ ಮೈಸೂರು, ಬೆಂಗಳೂರು ಬಿಟ್ಟರೆ ಟೆಕ್ಸಸ್ ಮಾತ್ರ ಕಂಡವಳು. ಬ್ರೋಷರುಗಳನ್ನು ಮನೆಗೆ ತಂದು, ಅನ್ನ ಬೇಯುವಷ್ಟು ಹೊತ್ತು ಒಲೆಯ ಪಕ್ಕ ನಿಂತೇ ಓದುತ್ತಿದ್ದೆ. ತಿಂಗಳೊಳಗೆ ರೋಮಿನ ಕಾರಂಜಿಗಳು, ಫ್ಲಾರೆನ್ಸಿನ ಗುಮ್ಮಟ, ಪೀಸಾದ ವಾಲಿದ ಗೋಪುರ ಎಲ್ಲ ಬಾಯಿಪಾಠವಾದವು. ಯಾರಾದರೂ ನೀವು ಹೋಗಿದ್ದೀರಾ ಎಂದು ಕೇಳಿದರೆ ಹೂಂ ಎನ್ನಬೇಕು, ಇಲ್ಲದಿದ್ದರೆ ಎದ್ದು ಹೋಗುತ್ತಾರೆ ಎಂದು ಮಾಲೀಕರು ಮೊದಲ ವಾರವೇ ಹೇಳಿಕೊಟ್ಟಿದ್ದರು. ಮೊದಮೊದಲು ಆ ಹೂಂ ಹೇಳುವಾಗ ಬ್ರೋಷರಿನ ಪುಟ ತಿರುವುತ್ತಿದ್ದೆ. ಆಮೇಲೆ ಸಲೀಸಾಯಿತು.

ಹಾಗಿರುವಾಗ ಹತ್ತಿರದ ಲೂಯಿಸ್‌ವಿಲ್‌ನಿಂದ ಒಬ್ಬರು ಆಂಟಿ ಬಂದರು. ಧಾರವಾಡದ ಕಡೆಯವರು, ಟೆಕ್ಸಸ್‌ಗೆ ಬಂದು ಇಪ್ಪತ್ತೈದು ವರ್ಷ ದಾಟಿತ್ತು. ಅವರ ಯಜಮಾನರು ಸಿವಿಲ್ ಎಂಜಿನಿಯರ್ ಆಗಿ ಆಗಷ್ಟೇ ನಿವೃತ್ತರಾಗಿದ್ದರು. ಇಟಲಿ ನೋಡಬೇಕೆನ್ನುವುದು ಅವರಿಗೆ ಬಹಳ ದಿನದ ಆಸೆ. ಆದರೆ ಒಂದು ಮಂಡಿಗೆ ಆಪರೇಷನ್ ಆಗಿತ್ತು. ಇಟಲಿಗೆ ಹೋಗಿದ್ದೀಯಾ ಎಂದದ್ದಕ್ಕೆ ನಾನು ಹೂಂ ಎಂದ ಮೇಲೆ ಆಂಟಿ ಕೇಳಿದ್ದು ಒಂದೇ ಪ್ರಶ್ನೆ.

"ವೆನಿಸ್ಸಿನ್ಯಾಗ ಬರೇ ನಡದಾಡೋದು ಅಂತಾರಲ್ಲ. ಅಂಕಲ್‌ಗೆ ಮೆಟ್ಟಲಾ ಹತ್ತಲಿಕ್ಕೆ ಆಗೂದಿಲ್ಲ. ನೀ ನೋಡಿಯಲ್ಲ, ಹೇಳವಾ."

ಬ್ರೋಷರಿನಲ್ಲಿ ದೋಣಿಗಳಿದ್ದವು, ಪಾರಿವಾಳಗಳಿದ್ದವು. ಮೆಟ್ಟಿಲಿನ ಮಾತು ಎಲ್ಲೂ ಇರಲಿಲ್ಲ. ಎಲ್ಲ ಸಮತಟ್ಟು ಆಂಟಿ, ಕಾಲುವೆ ಇರೋ ಊರಲ್ವಾ ಎಂದುಬಿಟ್ಟೆ. ಸೇಂಟ್ ಮಾರ್ಕ್ ಚೌಕದಿಂದ ಸ್ವಲ್ಪ ದೂರದಲ್ಲಿ, ನಾಲ್ಕು ದಿನಕ್ಕೆ ಹೋಟೆಲ್ ಬುಕ್ ಮಾಡಿದೆ. ನಾಲ್ಕು ದಿನ ಎಂದು ಒತ್ತಾಯ ಮಾಡಿದವಳೂ ನಾನೇ.

ಅವರು ಹಿಂದಿರುಗಿದ ಮೇಲೆ ಆಂಟಿ ಒಬ್ಬರೇ ಆಫೀಸಿಗೆ ಬಂದರು. ದೂರು ಹೇಳಲಿಲ್ಲ. ಹೊಸದಾಗಿ ಪ್ರಿಂಟ್ ಹಾಕಿಸಿದ ಫೋಟೋಗಳ ಕವರು ಬಿಚ್ಚಿ ಒಂದೊಂದಾಗಿ ನನ್ನ ಮೇಜಿನ ಮೇಲಿಟ್ಟರು. ಎಲ್ಲದರಲ್ಲೂ ಸೇತುವೆ. ಪ್ರತಿ ಸೇತುವೆಗೂ ಆ ಕಡೆ ಮೆಟ್ಟಿಲು, ಈ ಕಡೆ ಮೆಟ್ಟಿಲು. ಕೊನೆಯ ಫೋಟೋದಲ್ಲಿ ಅಂಕಲ್ ಒಂದು ಬಾವಿಕಟ್ಟೆಯ ಪಕ್ಕ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು, ಮಂಡಿಗೆ ಬಿಳಿ ಪಟ್ಟಿ. ಎರಡನೆಯ ದಿನ ಒದ್ದೆ ಮೆಟ್ಟಿಲಲ್ಲಿ ಜಾರಿದರಂತೆ. ಉಳಿದ ದಿನಗಳನ್ನು ಹೋಟೆಲಿನ ಮುಂದಿನ ಆ ಅಂಗಳದಲ್ಲೇ ಕಳೆದರಂತೆ.

"ನೀ ಅಲ್ಲಿ ಹೋಗೇ ಇಲ್ಲ, ಹೌದಿಲ್ಲೋ?" ಎಂದರು ಮೆಲ್ಲಗೆ.

"ಹೋಗಿಲ್ಲ ಆಂಟಿ."

ಅವರು ಫೋಟೋಗಳನ್ನು ಕವರಿಗೆ ಹಾಕುತ್ತ, "ಇದನ್ನ ಅವತ್ತ ಹೇಳಿದ್ರ ನಾ ಬ್ಯಾರೆ ಯಾರನ್ನರ ಕೇಳ್ತಿದ್ದೆ. ಅಷ್ಟ," ಎಂದು ಎದ್ದರು. ಬೈದಿದ್ದರೆ ಬಹುಶಃ ನಾನೂ ಏನಾದರೂ ಸಮಜಾಯಿಷಿ ಹೇಳಿ ಹಗುರಾಗುತ್ತಿದ್ದೆ.

ಆ ಶನಿವಾರ ನನ್ನ ಗಂಡ ಕಾರಿನಲ್ಲಿ ನನ್ನನ್ನು ಆಂಟಿಯ ಮನೆಗೆ ಕರೆದೊಯ್ದರು. ಕ್ಷಮೆ ಕೇಳಲು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದ್ದೆ. ಅಂಕಲ್ ಅರ್ಧದಲ್ಲೇ ತಡೆದು, ಕೂತುಕೊಳ್ಳಿ ಎಂದು ರೋಮಿನ ಫೋಟೋ ತೆಗೆದರು. ಹಳೆಯ ಗುಮ್ಮಟವೊಂದರ ಒಳಗಿನಿಂದ ಮೇಲಕ್ಕೆ ತೆಗೆದದ್ದು, ನಡುವಿನ ತೆರೆದ ಕಿಂಡಿಯಲ್ಲಿ ಆಕಾಶದ ಒಂದು ದುಂಡನೆಯ ತುಂಡು. ಎರಡು ಸಾವಿರ ವರ್ಷದ ಹಿಂದಿನವರು ಮೇಲೆ ಹೋದಂತೆಲ್ಲ ಹಗುರ ಕಲ್ಲು ಬೆರೆಸಿ ಗಾರೆ ಹಾಕಿದ್ದು, ಒಳಗೆ ಬಿದ್ದ ಮಳೆನೀರು ಹರಿಯಲು ನೆಲಕ್ಕೆ ಸಣ್ಣ ಇಳಿಜಾರು ಕೊಟ್ಟದ್ದು, ಎಲ್ಲ ಕೈಯಾಡಿಸಿ ವಿವರಿಸಿದರು. ಅಲ್ಲಿ ಒಂದು ಬೆಂಚಿನ ಮೇಲೆ ಅರ್ಧ ದಿನ ಕೂತಿದ್ದರಂತೆ. ವೆನಿಸ್ಸಿನಲ್ಲಿ ಕಳೆದುಹೋದ ದಿನಗಳನ್ನೂ ರೋಮಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ಅವರು ಹೇಳಲಿಲ್ಲ. ನನಗೇ ಹಾಗನ್ನಿಸಿ ಕಣ್ಣು ತುಂಬಿತು. ನಾನು ಕಿತ್ತುಕೊಂಡಿದ್ದು ಅವರ ದಿನಗಳನ್ನು, ಅವನ್ನು ವಾಪಸ್ ಕೊಡುವ ಬಗೆ ಯಾವುದೂ ನನಗೆ ಹೊಳೆಯಲಿಲ್ಲ.

ಸೋಮವಾರ ಮಾಲೀಕರಿಗೆ ಇನ್ನು ಮೇಲೆ ಸುಳ್ಳು ಹೇಳುವುದಿಲ್ಲ ಎಂದೆ. ಅವರು ಮುಖ ಗಂಟಿಕ್ಕಿದರೂ ಕೆಲಸದಿಂದ ತೆಗೆಯಲಿಲ್ಲ. ನಾನು ಹೋಗಿಲ್ಲ, ಆದರೆ ಕೇಳಿ ತಿಳಿಸುತ್ತೇನೆ ಎಂದಾಗ ಕೆಲವರು ಎದ್ದು ಹೋದದ್ದು ನಿಜ. ಉಳಿದವರು ನಾನು ನೆನೆಸಿದ್ದಕ್ಕಿಂತ ಹೆಚ್ಚಿದ್ದರು.

ಮುಂದಿನ ವಸಂತದಲ್ಲಿ ಆಂಟಿಯ ಫೋನ್ ಬಂತು. ಅಂಕಲ್‌ಗೆ ಕೋಮೋ ಸರೋವರ ನೋಡುವ ಮನಸ್ಸು, ದೋಣಿಯಲ್ಲಿ ಕೂತರೆ ಸಾಕಲ್ಲ ಎಂದರು. ನಂಬಿ ಮತ್ತೆ ನನ್ನನ್ನೇ ಕೇಳಿದ್ದರು; ವಿಚಾರಿಸಿ ತಿಳಿಸುತ್ತೇನೆ ಎಂದೆ. ಮರುದಿನ ಬೆಳಿಗ್ಗೆ ಬೇಗ ಆಫೀಸಿಗೆ ಹೋಗಿ, ದೋಣಿಕಟ್ಟೆಯ ಹತ್ತಿರದ ಒಂದು ಹೋಟೆಲಿಗೆ ಫೋನ್ ಮಾಡಿದೆ. ದೋಣಿ ಇಳಿದಲ್ಲಿಂದ ನಿಮ್ಮ ಬಾಗಿಲಿಗೆ ಎಷ್ಟು ಮೆಟ್ಟಿಲು ಎಂದು ಕೇಳಿದೆ. ಫೋನ್ ಎತ್ತಿದಾತ ಹರಕು ಇಂಗ್ಲಿಷಿನಲ್ಲಿ ತಾಳಿ ಎಂದು ಫೋನ್ ಕೆಳಗಿಟ್ಟು ಹೊರಗೆ ಹೋದ. ಪಿಂಗಾಣಿ ತಟ್ಟೆಗಳ ಸದ್ದು, ಯಾರೋ ನಗುವ ಸದ್ದು ಕೇಳುತ್ತಿತ್ತು. ಆತ ಏದುಸಿರು ಬಿಡುತ್ತ ಮರಳಿ ಬಂದು, ಹನ್ನೊಂದು, ಎಡಗಡೆ ಹಿಡಿದುಕೊಳ್ಳಲು ಕಂಬಿ ಇದೆ ಎಂದ.

ಹಾಗೇ ಆಂಟಿಗೆ ಫೋನಿನಲ್ಲಿ ತಿಳಿಸಿದೆ. ಅವರು ಒಳಗೆ ಅಂಕಲ್ ಜೊತೆ ಏನೋ ಮಾತಾಡಿ ಬಂದರು.

"ಕಂಬಿ ಅದ ಅಂದ್ರ ಬುಕ್ ಮಾಡವಾ," ಎಂದರು.