ತಂಗಿಯ ಬಾಯಿ, ನನ್ನ ಕಣ್ಣು

ನಮ್ಮ ಹಳ್ಳಿ ದಾನೋಳಿಯಿಂದ ಎರಡು ಮೈಲಿ. ಕೊಲ್ಹಾಪುರದಲ್ಲಿ ಇನ್ನೂ ಮಹಾರಾಜರ ಆಳ್ವಿಕೆ ಇದ್ದ ಕಾಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ನಾನು ನನ್ನ ತಂಗಿಗಿಂತ ಎರಡು ವರ್ಷ ದೊಡ್ಡವಳಾದರೂ ಇಬ್ಬರೂ ಒಂದೇ ಇಯತ್ತೆಯಲ್ಲಿ, ಎಂದರೆ ಒಂದೇ ತರಗತಿಯಲ್ಲಿ, ಇದ್ದೆವು. ಒಬ್ಬಳೇ ಹೋಗಲು ಅಂಜುತ್ತೇನೆಂದು ಅವಳು ಬೆಳೆಯುವ ತನಕ ನನ್ನನ್ನು ಮನೆಯಲ್ಲೇ ಇಟ್ಟುಕೊಂಡಿದ್ದರು.

ಶಾಲೆಯಲ್ಲಿ ಇಬ್ಬರಿಗೆ ಒಂದು ಪುಸ್ತಕ. ಗುರುಜಿ ಓದಲು ಹೇಳಿದರೆ ಒಂದು ಪುಸ್ತಕದವರು ಇಬ್ಬರೂ ಎದ್ದು ನಿಂತು ಕೂಡಿ ಓದಬೇಕು. ನನಗೆ ಅಕ್ಷರ ಬೇಗ ಹತ್ತಿದವು. ಆದರೆ ನಾಲ್ಕು ಜನ ನೋಡುತ್ತಿದ್ದರೆ ಧ್ವನಿ ಗಂಟಲಲ್ಲೇ ಉಳಿಯುತ್ತಿತ್ತು. ತಂಗಿಗೆ ಧ್ವನಿ ಬೇಕಾದಷ್ಟಿತ್ತು, ಅಕ್ಷರವೇ ಹತ್ತುತ್ತಿರಲಿಲ್ಲ. ನಾನು ತುಟಿಯಲ್ಲಿ ಓದಿದ್ದನ್ನು ಅವಳು ಹಿಡಿದುಕೊಂಡು ಇಡೀ ಶಾಲೆಗೆ ಕೇಳುವ ಹಾಗೆ ಹೇಳುತ್ತಿದ್ದಳು. ಅದರಲ್ಲಿ ಮೋಸವಿದೆ ಎಂದು ನಮಗಿಬ್ಬರಿಗೂ ಅನ್ನಿಸಿರಲಿಲ್ಲ. ಅವಳಿಗೆ ಹೂವಿನ ಗಿಡ ಎಟುಕದಿದ್ದರೆ ನಾನು ಎತ್ತಿಕೊಳ್ಳುತ್ತಿದ್ದೆ, ಇದೂ ಹಾಗೆಯೇ.

ಗುರುಜಿ ಮಾತ್ರ ಬೇರೆ ಲೆಕ್ಕ ಹಾಕಿದರು. ಚಿಕ್ಕವಳು ನೀರು ಕುಡಿದಂತೆ ಓದುತ್ತಾಳೆ, ದೊಡ್ಡವಳು ತುಟಿ ಅಲ್ಲಾಡಿಸಿ ನಾಟಕ ಮಾಡುತ್ತಾಳೆ ಎಂದು. ತಂಗಿ ನನ್ನ ಪಾಟಿ ನೋಡಿ ಬರೆಯುತ್ತಿದ್ದಳು. ಎರಡೂ ಪಾಟಿಯಲ್ಲಿ ಒಂದೇ ಬರಹ ಕಂಡು, ಕದ್ದವಳು ನಾನೇ ಎಂದು ನನ್ನ ಕೈಗೆ ಛಡಿ ಬಿತ್ತು. ಆ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ತಂಗಿ ನನ್ನ ಕೈ ಊದುತ್ತಾ ನಡೆದಳು.

ಮನೆಯಲ್ಲಿ ಔಷಧ ಶುರುವಾಯಿತು. ಮಾತು ಏಳದ ಮಕ್ಕಳ ನಾಲಿಗೆಗೆ ಊರವರೆಲ್ಲ ಬಜೆಯನ್ನು ಜೇನಿನಲ್ಲಿ ತೇಯ್ದು ಹಚ್ಚುತ್ತಿದ್ದರು. ನಾವು ಜೈನರು, ಜೇನು ಮುಟ್ಟುವಂತಿಲ್ಲ. ಅದಕ್ಕೆ ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಬರೀ ತುಪ್ಪದಲ್ಲಿ ತೇಯುತ್ತಿದ್ದಳು. ಅದರ ಕಹಿ ಮಧ್ಯಾಹ್ನದ ತನಕ ಬಾಯಲ್ಲಿರುತ್ತಿತ್ತು. ಓದಲು ಬಾರದವಳು ಪಕ್ಕದಲ್ಲಿ ಕೂತು ಬೆರಳಿಗೆ ಹತ್ತಿದ ತುಪ್ಪ ನೆಕ್ಕುತ್ತಿದ್ದಳು, ಓದಲು ಬರುವ ನಾನು ಬಜೆ ನುಂಗುತ್ತಿದ್ದೆ.

ಮೂರನೆಯ ಇಯತ್ತೆಯ ಮಳೆಗಾಲದಲ್ಲಿ ಅಪ್ಪ ಹೇಳಿಬಿಟ್ಟರು: "ಪರ್ವ ಮುಗೀಲಿ. ದೊಡ್ಡಾಕೀನ ಸಾಲಿ ಬಿಡಸೂಣು. ಸಣ್ಣಾಕಿ ಓದ್ಲಿ."

ನಾವಿಬ್ಬರೂ ಹುಲ್ಲಿನ ಬಣವೆಯ ಹಿಂದೆ ಹೋಗಿ ಕೂತೆವು.

"ಖರೇನ ಹೇಳಿಬಿಡ್ಲೇನ ಅಕ್ಕಾ?" ಎಂದಳು ತಂಗಿ.

"ಹೇಳಿದ್ರ ನಿನ್ನ ಬಿಡಸ್ತಾರ."

"ನೀ ಇಲ್ಲದ ನಾ ಹೋಗಿ ಏನ ಮಾಡ್ಲಿ? ಮರುದಿನಾನ ಸಿಗಬೀಳ್ತೇನಿ."

ಹೇಳಿದರೆ ಅವಳ ಶಾಲೆ ಹೋಗುತ್ತದೆ, ಹೇಳದಿದ್ದರೆ ಇಬ್ಬರದೂ. ಎಷ್ಟು ಎಣಿಸಿದರೂ ಇಬ್ಬರು ಉಳಿಯುವ ದಾರಿ ಕಾಣಲಿಲ್ಲ.

ಭಾದ್ರಪದದ ಹತ್ತು ದಿನದ ಪರ್ವದಲ್ಲಿ ಬಸದಿಯಲ್ಲಿ ಮಧ್ಯಾಹ್ನ ಹೆಂಗಸರೆಲ್ಲ ಸೇರಿ ಮರಾಠಿ ಪುರಾಣ ಕೇಳುತ್ತಿದ್ದರು. ದಿನಕ್ಕೊಂದು ಮನೆಯವರ ಪಾಳಿ. ಆ ಮನೆಯವರು ಯಾರಾದರೂ ಸ್ನಾನ ಮಾಡಿ, ಮಡಿಯುಟ್ಟು, ಪೀಠದ ಮುಂದೆ ಒಬ್ಬರೇ ಕೂತು ನಿನ್ನೆ ನಿಂತಲ್ಲಿಂದ ಮುಂದಕ್ಕೆ ಓದಬೇಕು. ಮಡಿಯವರ ಹತ್ತಿರ ಬೇರೆಯವರು ಸುಳಿಯುವಂತಿಲ್ಲ. ಆ ವರ್ಷ ಆಯಿ ತಂಗಿಯನ್ನು ಕೂಡಿಸುವುದೆಂದು ಇಡೀ ಓಣಿಗೆ ಹೇಳಿ ಬಂದಿದ್ದಳು.

ಪಕ್ಕದಲ್ಲಿ ಕೂತು ಪಿಸುಗುಟ್ಟಲು ನನಗೆ ಆಗುವುದಿಲ್ಲ. ಅದಕ್ಕೆ ದಿನಕ್ಕೆ ಎಷ್ಟು ಹಾಳೆ ಓದುತ್ತಾರೆಂದು ಎಣಿಸಿ, ನಮ್ಮ ಪಾಳಿಗೆ ಬರುವ ಭಾಗವನ್ನು ನಾಲ್ಕು ದಿನ ಮೊದಲೇ ಬಸದಿಗೆ ಹೋಗಿ ಅವಳಿಗೆ ಓದಿ ಹೇಳಿದೆ. ಎರಡು ಸಲ ಕೇಳಿದರೆ ಸಾಕು, ಅವಳಿಗೆ ಬಾಯಿಪಾಠ. ಎಲ್ಲಿ ಹಾಳೆ ತಿರುಗಿಸಬೇಕೆಂದೂ ಕಲಿಸಿದೆ.

ನಮ್ಮ ಪಾಳಿಯ ಹಿಂದಿನ ದಿನ ಮಳೆ ಬಸದಿಯ ತಗಡಿನ ಮಾಡಿನ ಮೇಲೆ ಹೊಡೆದು ಏನೂ ಕೇಳಿಸದೆ, ಅರ್ಧಕ್ಕೇ ಓದು ನಿಲ್ಲಿಸಿದರಂತೆ. ಅದು ನಮಗೆ ಗೊತ್ತಾಗಲಿಲ್ಲ.

ಆಯಿಯ ಮಡಿಸೀರೆಯನ್ನು ಮೂರು ಸುತ್ತು ಸುತ್ತಿಕೊಂಡು ತಂಗಿ ಪೀಠದ ಮುಂದೆ ಕೂತಳು. ಗಂಟೆ ಬಾರಿಸಿದಂಥ ಧ್ವನಿ. ರಾಜಕುಮಾರ ಬಿಳಿ ಕುದುರೆ ಹತ್ತಿದ, ದಿಗ್ವಿಜಯಕ್ಕೆ ಹೊರಟ. ಆಯಿ ಸುತ್ತಲಿನವರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದಳು. ಆಗ ಮೂಲೆಯಲ್ಲಿದ್ದ ಒಬ್ಬ ಮುದುಕಿ ಕೈ ಎತ್ತಿದಳು.

"ತಡಿ ತಂಗಿ. ನಿನ್ನಿ ರಾಣಿಗಿ ಏಳನೇ ತಿಂಗಳಾ ಇತ್ತು. ಇವತ್ತ ಮಗಾ ಕುದರಿ ಹತ್ಯಾನೇನ?"

"ಪುಣ್ಯವಂತಿ ಬಿಡ್ರಿ," ಎಂದಳು ಇನ್ನೊಬ್ಬಳು. "ನಮಗ ಒಂದೊಂದ ಹಡ್ಯಾಕ ಜೀವಾ ಹೋಗಿ ಬಂತು."

ಬಸದಿಯೆಲ್ಲ ನಕ್ಕಿತು. ತಂಗಿ ಒಂದಿಷ್ಟೂ ಬೆದರಲಿಲ್ಲ. "ಮಳಿ ಬರೂ ಹಂಗ ಐತ್ರಿ. ನೀವು ಲಗೂನ ಮನಿಗಿ ಹೋಗ್ಲಿ ಅಂತ ಮುಂದಿಂದು ಓದೇನಿ."

"ಭಾಳ ಉಪಕಾರ ಆತವಾ. ಈಗ ಹಿಂದಿಂದು ಓದು."

ಅವಳು ಪುಸ್ತಕ ನೋಡಿದಳು. ಆಮೇಲೆ ತಲೆ ಎತ್ತಿ ಜನರ ನಡುವೆ ನನ್ನನ್ನು ಹುಡುಕಿದಳು. ನಾನು ಮುಂದೆ ಕೂತವಳ ಬೆನ್ನಿಗೆ ಮರೆಯಾದೆ. ಅಷ್ಟರಲ್ಲಿ ಅತ್ತೆ ಎದ್ದರು. ಅವರು ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಕೊಲ್ಹಾಪುರದಲ್ಲಿ ಹುಡುಗಿಯರಿಗೆ ಕಲಿಸುತ್ತಿದ್ದರು, ಪರ್ವಕ್ಕೆಂದು ಬಂದಿದ್ದರು. "ಕೂಸಿನ ಗಂಟಲಾ ಒಣಗೇತಿ. ನಂದೂ ಮಡಿ ಐತಿ, ನಾ ಓದ್ತೇನಿ," ಎಂದು ತಂಗಿಯನ್ನು ಎಬ್ಬಿಸಿ ತಾವು ಕೂತರು. ರಾಣಿಗೆ ಹೆರಿಗೆಯಾಯಿತು.

ಮನೆಗೆ ಬಂದ ಮೇಲೆ ಅತ್ತೆ ನಮ್ಮಿಬ್ಬರನ್ನೂ ಪಡಸಾಲೆಯಲ್ಲಿ ಕೂಡಿಸಿಕೊಂಡರು. ಬಯ್ಯುತ್ತಾರೆಂದುಕೊಂಡರೆ ಮೊರದಲ್ಲಿ ಅಕ್ಕಿ ತಂದು ತಂಗಿಯ ಮುಂದಿಟ್ಟರು. ಅವಳು ಮಾತಾಡುತ್ತಲೇ ಸಾಸಿವೆಗಿಂತ ಸಣ್ಣ ಹರಳುಗಳನ್ನು ಆರಿಸಿ ತೆಗೆದಳು. ನಂತರ ಪಾಟಿಯ ಮೇಲೆ ಒಂದು ಸಾಲು ಬರೆದು ತೋರಿಸಿದರು. ತಂಗಿ ಬಹಳ ಹೊತ್ತು ನೋಡಿ, "ಅತ್ತಿ, ಒಂದು ಹಿಡ್ಯೂದ್ರಾಗ ಇನ್ನೊಂದು ಹೋಗಿಬಿಡ್ತೈತಿ," ಎಂದಳು. ನನಗೆ ಅವರು ಗೋಡೆಯ ಕಡೆ ಮುಖ ಮಾಡಿ ಕೂರಲು ಹೇಳಿ ಪುಸ್ತಕ ಕೊಟ್ಟರು. ಗೋಡೆಗೆ ಓದಲು ನನಗೇನೂ ಅಂಜಿಕೆ ಇರಲಿಲ್ಲ. ಎರಡು ಪಾಠ ಓದಿ ಮುಗಿಸಿದ ಮೇಲೆ ತಿರುಗಿದರೆ ಆಯಿ ಬಾಗಿಲಲ್ಲಿ ನಿಂತಿದ್ದಳು.

"ಅಂದ್ರ ನಾ ವರ್ಷಾನಗಟ್ಟಲೆ ಯಾರ ನಾಲಿಗಿಗಿ ಬಜಿ ತೇದೆ?" ಎಂದಳು ಆಯಿ.

ಅಂದು ಹೊತ್ತು ಮುಳುಗುವ ಮುನ್ನ ಊಟಕ್ಕೆ ಕೂತಾಗ ಅದೇ ಮಾತು. ಆಯಿ ಹೊಸ ರೋಗಿಗೆ ಹೊಸ ಕಾರಣ ಹುಡುಕತೊಡಗಿದ್ದಳು. ಕಣ್ಣು ಮಂದ ಇರಬೇಕು ಎಂದಳು. ಅತ್ತೆ ಹರಳು ಆರಿಸಿದ ಕಥೆ ಹೇಳಿದರು. ಹಾಗಾದರೆ ಸೋಮಾರಿತನ. "ನಾಕ ಹಾಳಿ ಬಾಯಿಪಾಠ ಮಾಡ್ಯಾಳ, ಸೋಮಾರಿ ಹೆಂಗ ಆಕ್ಕಾಳ ಅವ್ವಾ?" ಎಂದು ಅತ್ತೆ ತಾಯಿಯನ್ನು ಕೇಳಿದರು. ಹಾಗಾದರೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕೂಸಿನ ತಲೆಯೇ ಕೆಟ್ಟಿದೆ.

"ನೀ ಕನ್ನಡದಾಗ ಬೈಯಾಕ ಶುರು ಮಾಡಿ ಮರಾಠ್ಯಾಗ ಮುಗಸ್ತಿ. ನಿನ್ನ ತಲಿ ಕೆಟ್ಟೈತೇನ? ಕನ್ನಡ ಅಕ್ಷರಾನೂ ತೋರಿಸಿ ನೋಡೇನಿ, ಅವೂ ಹಂಗ ಜಾರತಾವ ಆಕಿಗಿ."

ತಮ್ಮ ಶಾಲೆಯಲ್ಲೂ ಇಂಥ ಒಬ್ಬಳಿದ್ದಾಳೆ ಎಂದರು ಅತ್ತೆ. ಹೊಡೆದರೂ ಬರಲಿಲ್ಲ, ನೂರು ಸಲ ಬರೆಸಿದರೂ ಬರಲಿಲ್ಲ. ತಟ್ಟೆಯಲ್ಲಿ ಉಸುಕು ಹರವಿ, ಅಕ್ಷರವನ್ನು ದೊಡ್ಡದಾಗಿ ಬೆರಳಿನಿಂದ ತಿದ್ದಿಸಿ, ತಿದ್ದುವಾಗಲೇ ಗಟ್ಟಿಯಾಗಿ ಹೇಳಿಸಿದಾಗ ಸಾವಕಾಶ ಬರತೊಡಗಿತಂತೆ. ಇದಕ್ಕೆ ಏನನ್ನುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. ಡಿಸ್ಲೆಕ್ಸಿಯಾ ಎಂಬ ಮಾತನ್ನು ನಾನು ಕೇಳಿದ್ದು ಗಡಹಿಂಗ್ಲಜದ ಈ ಮನೆಯಲ್ಲಿ, ಮುದುಕಿಯಾದ ಮೇಲೆ, ಮೊಮ್ಮಕ್ಕಳಾದ ನಿಮ್ಮ ಬಾಯಿಂದ. ಅದು ಜಾಣತನದ ಕೊರತೆಯಲ್ಲ, ಕಣ್ಣಿನ ದೋಷವೂ ಅಲ್ಲ, ಒಂದೇ ಮನೆತನದಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಇರಬಹುದು ಎಂದು ನೀವು ಹೇಳಿದಾಗ ನನಗೆ ಆ ಸಂಜೆಯ ಊಟವೇ ಕಣ್ಣ ಮುಂದೆ ಬಂತು.

ಅಂದು ಅತ್ತೆ ಉಸುಕಿನ ಮಾತು ಹೇಳಿ ಮುಗಿಸಿದ್ದರು. ಆಯಿ, "ಇಬ್ಬರೂ ಮನ್ಯಾಗ ಇರ್ಲಿ, ಸಾಕಾತು," ಎಂದಾಗ ತಂಗಿ ರೊಟ್ಟಿ ಮುರಿಯುವುದನ್ನು ಬಿಟ್ಟಳು. ಅಪ್ಪ ತಾಟಿನ ಕಡೆ ನೋಡುತ್ತಾ ಅಂದರು:

"ನನಗೂ ಹಂಗ ಜಾರತಾವು. ಈಗೂ."

"ನಿನಗ ಓದಾಕ ಬರ್ತೈತಲ್ಲೋ," ಎಂದಳು ಆಯಿ.

"ಕಾಗದಾ ಬಂದ್ರ ನಾ ಎಂದ ಓದೇನಿ? ಕೈ ಮಣ್ಣಾಗ್ಯಾವ, ನೀವ ಓದ್ರಿ ಅಂತೇನಿ."

ನಮ್ಮ ಅವ್ವ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. "ಹನ್ನೆರಡ ವರ್ಷಾತು, ಈ ಮನಶ್ಯಾಂದು ಕೈ ಮಣ್ಣಾಗೇ ಅದಾವ," ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೊದಲು ನಕ್ಕವರು ಅಪ್ಪನೇ. ಅಪ್ಪ ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ನನ್ನ ಬಡದು ಸಾಲಿ ಬಿಡಿಸಿದ್ರು," ಎಂದರು ಆಮೇಲೆ. "ಇವರದು ಬಿಡಸಾಂಗಿಲ್ಲ. ಇಬ್ಬರದೂ."

ಪರ್ವ ಮುಗಿದ ಮರುದಿನ ಅಪ್ಪ ನಮ್ಮ ಜೊತೆ ಶಾಲೆಗೆ ಬಂದರು. ಶಾಲೆಯ ಬಾಗಿಲ ತನಕ ಅವರು ಬಂದದ್ದು ಅದೇ ಮೊದಲು. ರುಮಾಲು ಸರಿಮಾಡಿಕೊಂಡು ಹೊರಗೇ ನಿಂತು ಹೇಳಿದರು: "ಗುರುಜಿ, ತಪ್ಪ ತಿಳೀಬ್ಯಾಡ್ರಿ. ಓದಾಕಿ ಇಕಿ, ಒದರಾಕಿ ಅಕಿ." ಅತ್ತೆ ಮಾಡಿ ನೋಡಿದ ಗೋಡೆಯ ಉಪಾಯವನ್ನೂ ಉಸುಕಿನ ಉಪಾಯವನ್ನೂ ತಿಳಿಸಿದರು.

ಗುರುಜಿ ನಂಬಲಿಲ್ಲ. ನನ್ನನ್ನು ಗೋಡೆಯ ಕಡೆ ತಿರುಗಿಸಿ ಓದಿಸಿ ನೋಡಿದರು. ಮುಗಿಸಿ ತಿರುಗಿದಾಗ ಗುರುಜಿ ತಮ್ಮ ಛಡಿಯ ಕಡೆ ನೋಡಿ, ಅದನ್ನು ಎತ್ತಿ ಕಪಾಟಿನ ಹಿಂದೆ ಇಟ್ಟರು. ಮಧ್ಯಾಹ್ನದ ಸುಟ್ಟಿಯಲ್ಲಿ ತಂಗಿಯನ್ನು ಕರೆದು ಹೊಳೆಯ ಉಸುಕು ತರಲು ಕಳಿಸಿದರು.

ಅತ್ತೆ ಹೋಗುವ ಮುಂಚೆ ಇಚಲಕರಂಜಿಯ ಒಂದು ಮದುವೆಯ ಕರೆಯೋಲೆಯ ದಪ್ಪ ಕಾಗದದಲ್ಲಿ ಸಣ್ಣ ಕಿಟಕಿ ಕತ್ತರಿಸಿ ಕೊಟ್ಟಿದ್ದರು. ಅದನ್ನು ಸಾಲಿನ ಮೇಲಿಟ್ಟರೆ ಒಂದೇ ಶಬ್ದ ಕಾಣುತ್ತಿತ್ತು, ಉಳಿದವು ಮುಚ್ಚಿಕೊಳ್ಳುತ್ತಿದ್ದವು. ಆ ವರ್ಷ ತಂಗಿ ನಪಾಸಾದಳು. ಅಪ್ಪ, "ಇರ್ಲಿ, ಇನ್ನೊಂದ ವರ್ಷ ಕೂಡು," ಎಂದರು, ಅಷ್ಟೆ. ನಾನು ನಾಲ್ಕನೆಯ ಇಯತ್ತೆಗೆ ಹೋದೆ. ಎರಡು ಇಯತ್ತೆಗಳನ್ನು ಬೇರೆ ಮಾಡುವ ಎದೆಮಟ್ಟದ ಗೋಡೆ ನಮ್ಮ ನಡುವೆ ಬಂತು. ಅದರಾಚೆಯಿಂದ ಅವಳ ಧ್ವನಿ ಕೇಳುತ್ತಿತ್ತು. ಒಂದು ಶಬ್ದ, ಆಮೇಲೆ ಸುಮ್ಮನೆ, ಕಾಗದ ಸರಿಯುವಷ್ಟು ಹೊತ್ತು, ಆಮೇಲೆ ಇನ್ನೊಂದು ಶಬ್ದ. ನನಗೆ ಆ ಪಾಠ ಬಾಯಿಗೆ ಬರುತ್ತಿತ್ತು, ಅವಳಿಗೆ ಬೇಕಾದ ಶಬ್ದ ನನ್ನ ತುಟಿಯ ಮೇಲೇ ಇರುತ್ತಿತ್ತು. ತುಟಿ ಬಿಗಿ ಹಿಡಿದು ಕಾಯುತ್ತಿದ್ದೆ. ಕಡೆಗೊಮ್ಮೆ ಅವಳು ತಾನೇ ಅದನ್ನು ಹಿಡಿದು, ಹೊಲದಾಚೆಗೂ ಕೇಳುವಂತೆ ಒದರುತ್ತಿದ್ದಳು.

"ಹೂಂ," ಎನ್ನುತ್ತಿದ್ದರು ಗುರುಜಿ, "ಮುಂದ."